ಗಡ್ಡೆ ಬಂದವರು ಮುದ್ದೆ ಉಣ್ಣಬಾರದೇ?

ಕೊರಟಗೆರೆಯ ಓದುಗರೊಬ್ಬರ ಪತ್ರ: ‘ದೊಡ್ಡಪ್ಪನಿಗೆ ಮಿದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆಗಿದೆ, ರೇಡಿಯೇಷನ್ ನಡೀತಿದೆ. ಯಾವುದೋ ಗಿಡದ ಅಂಶ ಕ್ಯಾಲ್ಸಿಯಂ ಏರುಪೇರು ಮಾಡಿ ಗಡ್ಡೆಯ ಕೋಶಗಳನ್ನು ಸಾಯಿಸುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂತು. ಅದನ್ನು ನೋಡಿ ದೊಡ್ಡಮ್ಮ ರಾಗಿಮುದ್ದೆ ನಿಲ್ಲಿಸಿದ್ದಾರೆ. ಅಣ್ಣ ಸಿದ್ಧರಬೆಟ್ಟದ ಕಡೆಯಿಂದ ಬೇರಿನ ಪುಡಿ ತಂದಿದ್ದಾನೆ. ಏನು ಮಾಡೋಣ?’

ಮೊದಲು ಮುದ್ದೆ ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ರಕ್ತದಲ್ಲಿ ಅದು ಎಷ್ಟಿರಬೇಕು ಎಂದು ನೋಡಿಕೊಳ್ಳಲು ಕತ್ತಿನಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಊಟದಲ್ಲಿ ಕಮ್ಮಿಯಾದರೆ ಮೂಳೆಯಿಂದ ಎಳೆದುಕೊಳ್ಳುತ್ತವೆ, ಅಷ್ಟೇ. ಮಿದುಳಿನ ಊತಕ್ಕೆ ಸ್ಟೀರಾಯ್ಡ್ ಕೊಡುತ್ತಿದ್ದರಂತೂ ಮೂಳೆ ಮೊದಲೇ ಸವೆಯುತ್ತಿರುತ್ತದೆ.

ಆ ಸಂದೇಶದ ಕ್ಯಾಲ್ಸಿಯಂ ಕಥೆಯೇ ಬೇರೆ. ಜೀವಕೋಶದ ಒಳಗೆ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಬೇಕಾದಷ್ಟನ್ನು ಕೋಶ ತನ್ನೊಳಗಿನ ಒಂದು ಉಗ್ರಾಣದಲ್ಲಿ ಕೂಡಿಟ್ಟಿರುತ್ತದೆ. ಅಲ್ಲಿಂದ ಚೂರು ಹೊರಬಿದ್ದರೂ ಅದೇ ಸೂಚನೆ: ಎರಡಾಗು, ಜರುಗು, ಇಲ್ಲವೇ ಸಾಯಿ. ಹೊರಬಿದ್ದದ್ದನ್ನು ಮತ್ತೆ ಒಳಗೆ ತುಂಬುವ ಪಂಪಿನ ಹೆಸರು ಸೆರ್ಕಾ. ಮೆಡಿಟರೇನಿಯನ್ ಕಡೆ ಬೆಳೆಯುವ ಥಾಪ್ಸಿಯಾ ಗಿಡದ ಥಾಪ್ಸಿಗಾರ್ಗಿನ್ ಈ ಪಂಪನ್ನು ನಿಲ್ಲಿಸಿಬಿಡುತ್ತದೆ. ಉಗ್ರಾಣ ಖಾಲಿಯಾಗುತ್ತದೆ. ಒಳಗೆ ತಯಾರಾಗುವ ಪ್ರೋಟೀನುಗಳು ಕೆಡುತ್ತವೆ. ಹಾಗೇ ಮುಂದುವರಿದರೆ ಕೋಶ ತಾನಾಗಿ ಸಾಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಗಡ್ಡೆಯ ಕೋಶಗಳಲ್ಲಿ ಇದನ್ನು ಕಂಡಿದ್ದಾರೆ, ಸುಳ್ಳಲ್ಲ.

ಆದರೆ ಅದೇ ಪಂಪು ದೊಡ್ಡಪ್ಪನ ಹೃದಯದಲ್ಲೂ ಇದೆ ಅಲ್ವಾ? ಅದಕ್ಕೇ ಸಂಶೋಧಕರು ಈ ವಿಷಕ್ಕೆ ಒಂದು ಪ್ರೋಟೀನ್ ತುಣುಕು ಅಂಟಿಸಿ ಮಿಪ್ಸಾಗಾರ್ಗಿನ್ ಮಾಡಿದರು. ಗಡ್ಡೆಯ ರಕ್ತನಾಳಗಳಲ್ಲಿರುವ ಕಿಣ್ವವೊಂದು ಆ ತುಣುಕನ್ನು ಕತ್ತರಿಸಿದ ಮೇಲೆಯೇ ಅದು ಕೆಲಸ ಮಾಡಬೇಕೆಂಬ ಲೆಕ್ಕಾಚಾರ. ಗ್ಲಿಯೋಬ್ಲಾಸ್ಟೋಮಾ ಇದ್ದವರಿಗೂ ಕೊಟ್ಟು ನೋಡಿದರು. ಡಾಕ್ಟರು ಚೀಟಿ ಬರೆದುಕೊಡುವ ಔಷಧಿಯಾಗಿ ಅದು ಇನ್ನೂ ಬಂದಿಲ್ಲ.

ಗಿಡದ ಔಷಧಿ ಎಂದರೆ ಮೂಗು ಮುರಿಯುವವನಲ್ಲ ನಾನು. ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಅನ್ನು ಮಿದುಳಿನ ಕೆಲವು ಗಡ್ಡೆಗಳಿಗೆ ಇವತ್ತಿಗೂ ರಕ್ತನಾಳದ ಮೂಲಕ ಕೊಡುತ್ತಾರೆ, ಅದೂ ಮಿಲಿಗ್ರಾಂ ಲೆಕ್ಕದಲ್ಲಿ. ಹಾಗಂತ ಹಿತ್ತಲಿನ ನಿತ್ಯಪುಷ್ಪದ ಎಲೆ ಅರೆದು ಕುಡಿದರೆ ಅದು ವಿಷವೇ.

ಇನ್ನು ಅಣ್ಣ ತಂದ ಪುಡಿ. ಸದ್ಯಕ್ಕೆ ಕೊಡಬೇಡಿ. ದೊಡ್ಡಪ್ಪ ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕೆಲವು ಬೇರು-ನಾರುಗಳು ಅದರ ಪ್ರಮಾಣವನ್ನು ರಕ್ತದಲ್ಲಿ ಜಾಸ್ತಿ ಇಲ್ಲವೇ ಕಮ್ಮಿ ಮಾಡುತ್ತವೆ, ಲಿವರ್‌ಗೂ ಪೆಟ್ಟು ಕೊಡುತ್ತವೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ. ಪೊಟ್ಟಣವನ್ನೇ ಒಯ್ದು ಡಾಕ್ಟರ ಮುಂದಿಡಿ. ಬೈತಾರೆ ಅಂತ ಅಣ್ಣ ಹಿಂಜರಿದರೆ ನೀವೇ ಹೋಗಿ.