ಮೇಷ್ಟ್ರ ಏಟಿಗೆ ಹೆದರುವ ಮಗಳು

ಪ್ರಶ್ನೆ: ಆರನೇ ತರಗತಿಯ ನನ್ನ ಮಗಳು ಲೆಕ್ಕ ತಪ್ಪಿದಾಗಲೆಲ್ಲ ಗಣಿತದ ಮೇಷ್ಟ್ರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ 'ದಡ್ಡಿ' ಎಂದು ಹೀಯಾಳಿಸುತ್ತಾರೆ, ಸ್ಕೇಲಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಾರೆ. ಶಾಲೆಯ ಹೊತ್ತಾಗುತ್ತಿದ್ದಂತೆ ಅವಳಿಗೆ ಹೊಟ್ಟೆನೋವು ಶುರುವಾಗುತ್ತದೆ. ದೂರು ಕೊಟ್ಟರೆ ಇನ್ನಷ್ಟು ಕಾಡುತ್ತಾರೇನೋ ಎಂಬ ಭಯ ನನಗಿದೆ. ಏನು ಮಾಡಲಿ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮಗಳ ಹೊಟ್ಟೆನೋವನ್ನು ದಯವಿಟ್ಟು ನೆಪವೆಂದು ತಿಳಿಯಬೇಡಿ, ಭಯವನ್ನು ಬಾಯಿಬಿಟ್ಟು ಹೇಳಲಾರದ ಮಕ್ಕಳಲ್ಲಿ ಅದು ಅನೇಕ ವೇಳೆ ದೇಹದ ನೋವಾಗಿ ಕಾಣಿಸಿಕೊಳ್ಳುತ್ತದೆ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ಆದ್ದರಿಂದ ಏಟಿನಷ್ಟೇ ಆ ಹೀಯಾಳಿಕೆಯೂ ತಪ್ಪು, ಮತ್ತು ನನ್ನ ಮಟ್ಟಿಗೆ ಹೆಚ್ಚು ಕಾಲ ಉಳಿಯುವ ಗಾಯ ಅದೇ. ನಡೆದುದನ್ನು ದಿನಾಂಕಸಹಿತ ಬರೆದು ಮುಖ್ಯ ಶಿಕ್ಷಕರಿಗೆ ಕೊಟ್ಟು, ಸ್ವೀಕೃತಿಯ ಸಹಿ ಪಡೆಯಿರಿ. ಇದೇ ಅನುಭವವಿರುವ ಬೇರೆ ಪೋಷಕರನ್ನೂ ಜೊತೆಗೆ ಕರೆದುಕೊಂಡು ಹೋದರೆ ನಿಮ್ಮ ಮಗಳೊಬ್ಬಳೇ ಗುರಿಯಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಅಲ್ಲಿ ಪರಿಹಾರ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅಥವಾ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಸಲ್ಲಿಸಬಹುದು. ತುರ್ತಾಗಿ ನೆರವು ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.