ಹಿಂದಿನ ಚಕ್ರ ಹಿಡಿಯದ ಪಿಕಪ್

ಪ್ರಶ್ನೆ: ಮಲ್ಪೆ ಬಂದರಿನಿಂದ ತೀರ್ಥಹಳ್ಳಿಗೆ ನನ್ನ ಪಿಕಪ್‌ನಲ್ಲಿ ಮೀನು ಒಯ್ಯುತ್ತೇನೆ. ಮರಳುವಾಗ ಬಾಳೆಗೊನೆ ತುಂಬಿಕೊಂಡು ಆಗುಂಬೆ ಘಾಟಿ ಇಳಿಯುತ್ತೇನೆ. ಬ್ರೇಕ್ ತುಳಿದರೆ ಮುಂಭಾಗ ಕುಗ್ಗುತ್ತದೆ, ಹಿಂದಿನ ಚಕ್ರಗಳು ಹಿಡಿಯುವುದೇ ಇಲ್ಲ. ಬ್ರೇಕ್ ಲೈನರ್ ಹೊಸದು. ಕಳೆದ ವರ್ಷ ಭಾರಕ್ಕೆಂದು ಹಿಂದೆ ಎರಡು ಸ್ಪ್ರಿಂಗ್ ಪ್ಲೇಟ್ ಹೆಚ್ಚು ಹಾಕಿಸಿದ್ದೆ. ಹಿಂದಕ್ಕೂ ಡಿಸ್ಕ್ ಬ್ರೇಕ್ ಹಾಕಿಸಲೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಡಿಸ್ಕ್ ಬೇಡ. ಆ ಹಣ ಉಳಿಸಿ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ ಎರಡು ಪ್ಲೇಟ್‌ಗಳ ಮೇಲೆ.

ವಾಹನದ ಅಡಿಗೆ ನುಗ್ಗಿ ನೋಡಿ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಒಂದು ಸಣ್ಣ ಸರಳು ಮೇಲೆ ಹೋಗಿ ಚಾಸಿಯ ಮೇಲಿನ ವಾಲ್ವ್‌ಗೆ ಸೇರುತ್ತದೆ. ಹೇರು ಬಿದ್ದಾಗ ಚಾಸಿ ಕೆಳಗಿಳಿಯುತ್ತದೆ. ಸರಳು ವಾಲ್ವನ್ನು ತಿರುಗಿಸುತ್ತದೆ. ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಹೋಗುತ್ತದೆ. ನೀವು ಪ್ಲೇಟ್ ಹೆಚ್ಚಿಸಿದ್ದರಿಂದ ಚಾಸಿ ಇಳಿಯುವುದೇ ಇಲ್ಲ. ಗೊನೆ ತುಂಬಿದ್ದರೂ ವಾಲ್ವ್‌ನ ಲೆಕ್ಕದಲ್ಲಿ ನಿಮ್ಮದು ಖಾಲಿ ಗಾಡಿ. ಸಂತೆಕಟ್ಟೆಯ ನನ್ನ ವರ್ಕ್‌ಶಾಪ್‌ಗೆ ಇದೇ ದೂರು ಹೊತ್ತು ಬಂದ ಮೀನಿನ ಗಾಡಿಗಳಿಗೆ ಅದಾಗಲೇ ಎರಡೆರಡು ಸಲ ಲೈನರ್ ಬದಲಾಯಿಸಿರುತ್ತಾರೆ. ಸರಳನ್ನು ಮುಟ್ಟಿ ನೋಡಿದವರಿರುವುದಿಲ್ಲ.

ಹೆಚ್ಚುವರಿ ಪ್ಲೇಟ್ ತೆಗೆಸಿ, ಅನುಮತಿಸಿದಷ್ಟೇ ಭಾರ ಹೇರಿ. ಸರಳಿನ ಅಳತೆಯನ್ನು ಕಂಪನಿಯ ಕೈಪಿಡಿ ನೋಡಿಯೇ ಹೊಂದಿಸಬೇಕು. ಕೆಲವರು ಅದನ್ನು ತಂತಿಯಿಂದ ಎತ್ತಿ ಕಟ್ಟಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಆಗ ಖಾಲಿ ಗಾಡಿಗೂ ಪೂರ್ತಿ ಒತ್ತಡ ಹೋಗಿ, ಮಳೆಯಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ಬಾಲ ಅಡ್ಡ ತಿರುಗುತ್ತದೆ. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಯಾವುದರಲ್ಲೂ ಅದಕ್ಕೆ ಜಾಗವಿಲ್ಲ.

ಇನ್ನು ಉಪ್ಪುನೀರು. ಮೀನಿನ ಪೆಟ್ಟಿಗೆಯಿಂದ ಸೋರಿದ ನೀರು ಸರಳಿನ ಕೀಲಿಗೇ ಬೀಳುತ್ತದೆ. ತುಕ್ಕು ಹಿಡಿದರೆ ಅದು ಅಲ್ಲಾಡುವುದಿಲ್ಲ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸಿ, ಆಯಿಲ್ ಒತ್ತಡದಿಂದ ಲೈನರನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಅಂಚನ್ನು ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ ಎಂದರ್ಥ, ಸಿಲಿಂಡರ್ ಬದಲಾಗಬೇಕು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕಲು ಬಿಡಬೇಡಿ. ಎರಡೂ ಬದಿಗೆ ಹೊಸದೇ ಆಗಬೇಕು. ಪ್ರತಿದಿನ ಸರಕು ಇಳಿಸಿದ ಮೇಲೆ ಅಡಿಭಾಗಕ್ಕೆ ಸಿಹಿನೀರು ಹಾಯಿಸಿ.

ಬ್ರೇಕ್ ಆಯಿಲ್ ಹಾಕಿಸಿ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಾಯಿಸಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ್ದಕ್ಕೆ ಆ ಮಿತಿ 140 ಮಾತ್ರ. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಹ್ಯಾಂಡ್‌ಬ್ರೇಕ್ ಕೇಬಲನ್ನು ಕೊನೆಗೆ ಬಿಗಿ ಮಾಡಿಸಿ, ಮೊದಲು ಲೈನರ್ ಕೂರುವ ಶೂ ಹೊಂದಿಸಿದ ಮೇಲೆ. ಈ ಕೆಲಸ ಮುಗಿಯುವವರೆಗೆ ಘಾಟಿಗೆ ಹೇರು ಹೊರಬೇಡಿ.