ಕೇಳಿ, ಹೇಳುತ್ತೇವೆ: ರೋಮನ್ನರ ಊರ ಬಚ್ಚಲು

ಪ್ರಶ್ನೆ: ಪ್ರಾಚೀನ ರೋಮನ್ನರು ಸೋಪಿನ ಬದಲು ಎಣ್ಣೆ ಹಚ್ಚಿಕೊಳ್ಳುತ್ತಿದ್ದರಂತೆ. ಕೊಳೆ ಇನ್ನಷ್ಟು ಅಂಟುವುದಿಲ್ಲವೇ?

ಉತ್ತರ: ಅಂಟಲೆಂದೇ ಹಚ್ಚುತ್ತಿದ್ದರು. ಮೈಗೆ ಆಲಿವ್ ಎಣ್ಣೆ ಬಳಿದು, ಕಸರತ್ತು ಮಾಡಿಯೋ ಬಿಸಿ ಕೋಣೆಯಲ್ಲಿ ಕೂತೋ ಬೆವರಿಳಿಸಿದರೆ ಎಣ್ಣೆ, ಬೆವರು, ಧೂಳು ಕಲೆತು ಮೆತ್ತನೆ ಜಿಡ್ಡಾಗುತ್ತದೆ. ಅದನ್ನು ‘ಸ್ಟ್ರಿಜಿಲ್’ನಿಂದ ಕೆರೆದು ತೆಗೆಯುತ್ತಿದ್ದರು. ಇದು ಕುಡುಗೋಲಿನಂತೆ ಬಾಗಿದ, ಒಳಬದಿ ದೋಣಿಯಂತೆ ತೋಡಿದ ಕಂಚಿನ ಅಥವಾ ಕಬ್ಬಿಣದ ಸಾಧನ. ಕೆರೆದ ಜಿಡ್ಡು ಆ ತೋಡಿನಲ್ಲೇ ಇಳಿದುಹೋಗುತ್ತಿತ್ತು. ಬೆನ್ನಿಗೆ ಮಾತ್ರ ಆಳೋ ಗೆಳೆಯನೋ ಬೇಕು. ಕೆರೆತ ಅತಿಯಾದರೆ ಚರ್ಮ ಕೆಡುತ್ತದೆ: ಚಕ್ರವರ್ತಿ ಅಗಸ್ಟಸ್‌ನ ಮೈಮೇಲೆ ಇದರಿಂದಲೇ ಹುಳುಕಡ್ಡಿಯಂಥ ಒರಟು ಕಲೆಗಳಿದ್ದವೆಂದು ಅವನ ಜೀವನಚರಿತ್ರೆಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಕೊಬ್ಬು ಮತ್ತು ಬೂದಿಯ ಸೋಪು ರೋಮನ್ನರಿಗೆ ಗೊತ್ತಿತ್ತು. ಆದರೆ ರೋಮನ್ ಲೇಖಕ ಪ್ಲಿನಿ ಹೇಳುವಂತೆ ಅದು ಗಾಲ್ (ಈಗಿನ ಫ್ರಾನ್ಸ್ ಸುತ್ತಲಿನ ನಾಡು) ಜನ ಕೂದಲು ಕೆಂಪಾಗಿಸಲು ಬಳಸುತ್ತಿದ್ದ ವಸ್ತು.

ಪ್ರಶ್ನೆ: ಬಚ್ಚಲಿನ ಕಲ್ಲಿನ ನೆಲವನ್ನು ಬಿಸಿ ಮಾಡುತ್ತಿದ್ದುದು ಹೇಗೆ?

ಉತ್ತರ: ನಮ್ಮ ಹಂಡೆ ಒಲೆಯ ಮೇಲೆ ಹಂಡೆಯ ಬದಲು ಇಡೀ ಕೋಣೆಯನ್ನೇ ಕೂರಿಸಿದಂತೆ. ರೋಮನ್ ವಾಸ್ತುತಜ್ಞ ವಿಟ್ರೂವಿಯಸ್ ಇದರ ಅಳತೆ ಕೊಟ್ಟಿದ್ದಾನೆ. ಮೊದಲು ಒಂದೂವರೆ ಅಡಿಯ ಬಿಲ್ಲೆಗಳ ತಳ. ಅದು ಒಲೆಬಾಯಿಯ ಕಡೆ ಇಳಿಜಾರಾಗಿರಬೇಕು. ಒಳಗೆ ಚೆಂಡು ಎಸೆದರೆ ತಾನೇ ಉರುಳಿ ಒಲೆಬಾಯಿಗೆ ವಾಪಸು ಬರುವಷ್ಟು! ಹೀಗಿದ್ದರೆ ಉರಿ ಸಲೀಸಾಗಿ ಒಳಕ್ಕೆ ಹಬ್ಬುತ್ತದೆ. ಅದರ ಮೇಲೆ ಸುಮಾರು 20 ಸೆಂ.ಮೀ. ಚೌಕದ ಇಟ್ಟಿಗೆಗಳ ಕಿರುಗಂಬಗಳು, ಎತ್ತರ 2 ರೋಮನ್ ಅಡಿ, ಅಂದರೆ ಸುಮಾರು 59 ಸೆಂ.ಮೀ. ಇಟ್ಟಿಗೆ ಕೂರಿಸಲು ಸುಣ್ಣದ ಗಾರೆಯಲ್ಲ, ಕೂದಲು ಬೆರೆಸಿ ನಾದಿದ ಜೇಡಿಮಣ್ಣು. ಸುಣ್ಣ ಸತತ ಉರಿಗೆ ಪುಡಿಯಾಗುತ್ತದೆ. ಗಂಬದಿಂದ ಗಂಬಕ್ಕೆ 2 ಅಡಿಯ ಬಿಲ್ಲೆ ಹಾಸಿ, ಅದರ ಮೇಲೆ ನೆಲ. ಮುಂದೆ ಗೋಡೆಯೊಳಗೂ ಟೊಳ್ಳು ಮಣ್ಣಿನ ಕೊಳವೆಗಳನ್ನು ಸಾಲಾಗಿ ಜೋಡಿಸತೊಡಗಿದರು. ಹೊಗೆ ಅವುಗಳ ಮೂಲಕ ಮೇಲೇರುವಾಗ ಗೋಡೆಯೂ ಬೆಚ್ಚಗಾಗುತ್ತಿತ್ತು. ಇಷ್ಟು ದಪ್ಪದ ನೆಲ ಒಮ್ಮೆ ತಣ್ಣಗಾದರೆ ಮತ್ತೆ ಕಾಯಿಸಲು ವಿಪರೀತ ಸೌದೆ ಬೇಕು, ಹಾಗಾಗಿ ಉರಿ ಆರಲು ಬಿಡುತ್ತಿರಲಿಲ್ಲ. ಕಾದ ನೆಲದ ಮೇಲೆ ಬರಿಗಾಲು ಊರುವಂತಿಲ್ಲ. ದಪ್ಪ ಅಟ್ಟೆಯ ಪಾದರಕ್ಷೆ ಬೇಕಿತ್ತು.

ಪ್ರಶ್ನೆ: ಊರ ಬಚ್ಚಲಿಗೆ ಹೆಂಗಸರಿಗೂ ಪ್ರವೇಶವಿತ್ತೇ? ಶುಲ್ಕ ಎಷ್ಟು?

ಉತ್ತರ: ಇತ್ತು. ಈಗಿನ ಪೋರ್ಚುಗಲ್‌ನ ವಿಪಾಸ್ಕಾ ಗಣಿಯೂರಿನ ಬಚ್ಚಲಿನ ಗುತ್ತಿಗೆ ಕರಾರು ಕಂಚಿನ ಫಲಕದಲ್ಲಿ ಉಳಿದಿದೆ. ಬೆಳಗಿನಿಂದ ಹಗಲಿನ 7ನೇ ಗಂಟೆಯವರೆಗೆ ಹೆಂಗಸರು, 8ನೆಯದರಿಂದ ರಾತ್ರಿಯ 2ನೆಯದರವರೆಗೆ ಗಂಡಸರು. ರೋಮನ್ನರು ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ, ರಾತ್ರಿಯದನ್ನು ಸೂರ್ಯಾಸ್ತದಿಂದ ಎಣಿಸುತ್ತಿದ್ದರು, ಆದ್ದರಿಂದ 7ನೇ ಗಂಟೆ ಎಂದರೆ ಮಧ್ಯಾಹ್ನ ತಿರುಗಿದ ಹೊತ್ತು. ಗಂಡಸರಿಗೆ ಅರ್ಧ ‘ಆಸ್’ ನಾಣ್ಯ, ಹೆಂಗಸರಿಗೆ ಪೂರ್ತಿ ಒಂದು: ದುಪ್ಪಟ್ಟು ದರ, ಒಳ್ಳೆಯ ಹೊತ್ತೂ ಗಂಡಸರಿಗೇ.

ಪ್ರಶ್ನೆ: ಇಷ್ಟೆಲ್ಲ ಇದ್ದು ನೀರು ಶುದ್ಧವಾಗಿತ್ತೇ?

ಉತ್ತರ: ಇಲ್ಲೇ ಎಡವಟ್ಟು. ಅದೇ ಕರಾರಿನಲ್ಲಿ ಹರಿಯುವ ನೀರು ಕೊಡಬೇಕೆಂಬ ಷರತ್ತಿದೆ. ಕಂಚಿನ ಪಾತ್ರೆಗಳನ್ನು 30 ದಿನಕ್ಕೊಮ್ಮೆ ತೊಳೆದು, ಉಜ್ಜಿ, ಹೊಸ ಕೊಬ್ಬು ಸವರಬೇಕೆಂದೂ ಇದೆ. ಆದರೆ ಬಿಸಿನೀರ ತೊಟ್ಟಿಗೆ ಹರಿವು ಹೆಚ್ಚಾದಷ್ಟೂ ಬಿಸಿ ಇಳಿಯುತ್ತದೆ, ಸೌದೆಯ ಖರ್ಚು ಏರುತ್ತದೆ. ಹರಿವು ತಗ್ಗಿಸಿದರೆ ಹತ್ತಾರು ಜನರ ಎಣ್ಣೆ, ಬೆವರು ಬೆಚ್ಚನೆ ನೀರಲ್ಲೇ ನಿಲ್ಲುತ್ತದೆ. ಕ್ಲೋರಿನ್ ಇಲ್ಲದ ಕಾಲ. ರೋಗಾಣುಗಳಿಗೆ ಇದಕ್ಕಿಂತ ಹಿತವಾದ ಜಾಗವಿಲ್ಲ. ಸ್ನಾನವೆಂದರೆ ಎಣ್ಣೆ, ಬೆವರು, ಕೊಳಕು, ಜಿಡ್ಡುನೀರು ಎಂದು ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಹೇಸಿಕೊಂಡಿದ್ದ. ವೈದ್ಯರು ರೋಗಿಗಳನ್ನೂ ಇದೇ ಬಚ್ಚಲಿಗೆ ಕಳಿಸುತ್ತಿದ್ದರು. ಹಾಗೆ ಸ್ನಾನವನ್ನು ಚಿಕಿತ್ಸೆಯಾಗಿ ಹೇಳುತ್ತಿದ್ದ ವೈದ್ಯಗ್ರಂಥಕಾರ ಕೆಲ್ಸಸ್ ಕೂಡ ಗಾಯ ಶುದ್ಧವಾಗುವವರೆಗೆ ಸ್ನಾನ ಬೇಡವೆಂದ. ಗಾಯ ನೆನೆದು, ಕೊಳಕಾಗಿ, ಗ್ಯಾಂಗ್ರೀನ್‌ಗೆ ತಿರುಗುವುದನ್ನು ಅವನು ಬಲ್ಲವನಾಗಿದ್ದ.